ಎರೆ ಹೊಲಕ್ಕೊಂದು ಇಂಪಲ್ಸ್

ಒಂದು ವರ್ಷದಿಂದ ನನ್ನನ್ನು ಕಂಡವರೆಲ್ಲ ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: “ಎಲ್ಲಾ ಕೂಡಿ ಎಷ್ಟ ಬಿತ್ರಿ ಸರ್ ಅದಕ್ಕ?” ಅದಕ್ಕೆ ಎಂದರೆ, ವಿಜಯಪುರದ ನಮ್ಮ ಬಾಡಿಗೆ ಮನೆಯ ಗೇಟಿನೊಳಗೆ ಓರೆಯಾಗಿ ನಿಂತಿರುವ 2012ರ ಹೀರೋ ಇಂಪಲ್ಸ್ ಬೈಕಿಗೆ. ಕೊಂಡದ್ದು 26 ಸಾವಿರಕ್ಕೆ, ರಿಪೇರಿ ನುಂಗಿದ್ದು 41 ಸಾವಿರ ಎಂದು ನಾನು ಮುಚ್ಚುಮರೆಯಿಲ್ಲದೆ ಹೇಳಿದ ಕೂಡಲೇ ಕೇಳಿದವರ ಮುಖದಲ್ಲಿ ಒಂದು ಬಗೆಯ ಕನಿಕರ ಮೂಡುತ್ತದೆ. ಆ ಬೈಕು ಹೊಸದಾಗಿ ಅಂಗಡಿಗೆ ಬಂದಾಗಲೂ ಹೆಚ್ಚುಕಡಿಮೆ ಇಷ್ಟೇ ಬೆಲೆಯಿತ್ತು ಎಂಬುದನ್ನು ಬಲ್ಲವರು ಮಾತ್ರ ಕನಿಕರವನ್ನೂ ಬಿಟ್ಟು ನೇರವಾಗಿ ನಕ್ಕುಬಿಡುತ್ತಾರೆ. ಹಣದ ಲೆಕ್ಕ ಕೇಳುವುದರಲ್ಲಿ ತಪ್ಪೇನಿಲ್ಲ. ಆದರೆ ಈ ಗಾಡಿಯ ವಿಷಯದಲ್ಲಿ ನನ್ನನ್ನು ಇಂದಿಗೂ ಕಾಡುತ್ತಿರುವುದು ಬೇರೊಂದು ಲೆಕ್ಕ. ಬಿಚ್ಚಿ, ಬೋರ್ ಮಾಡಿಸಿ, ಜೋಡಿಸುವ ತನಕ ಎಂಜಿನ್ನಿನ ಕೆಲಸಕ್ಕೆ ಹಿಡಿದದ್ದು ನಾಲ್ಕು ದಿನ. ಮುಂದಿನ ಮಡ್‌ಗಾರ್ಡಿಗೆ ಹಿಡಿದದ್ದು ಐದು ತಿಂಗಳು.

ನಮ್ಮದು ಡೋಣಿ ನದಿಯ ಬಯಲಿನ ಆರು ಎಕರೆ ಎರೆ ಹೊಲ, ಎಂದರೆ ಕಪ್ಪು ಮಣ್ಣಿನದು. ‘ಡೋಣಿ ಬೆಳೆದರೆ ಓಣಿಯೆಲ್ಲ ಕಾಳು’ ಎಂದು ಕೇಳಿಕೊಂಡೇ ಬೆಳೆದವರಿಗೆ ಆ ಮಣ್ಣಿನ ಸತ್ವವನ್ನು ಬಣ್ಣಿಸಬೇಕಿಲ್ಲ. ಮಳೆಯಾದ ಮರುದಿನ ಅದೇ ಮಣ್ಣು ಏನು ಮಾಡುತ್ತದೆ ಎಂಬುದನ್ನೂ ಬಣ್ಣಿಸಬೇಕಿಲ್ಲ. ಆದರೂ ಗಾಲಿಗೆ ಸಂಬಂಧಪಟ್ಟಷ್ಟನ್ನು ಹೇಳಿಬಿಡುತ್ತೇನೆ. ಮಸಾರಿಯ ಕೆಂಪು ನೆಲದಲ್ಲಿ ಗಾಲಿ ಜಾರುತ್ತದೆ, ಮರಳಿನಲ್ಲಿ ಹೂಳುತ್ತದೆ, ಎರೆಯಲ್ಲಿ ಇವೆರಡೂ ಆಗುವ ಮೊದಲೇ ನಿಂತುಬಿಡುತ್ತದೆ. ನೀರು ಕುಡಿದು ಉಬ್ಬಿದ ಜೇಡಿ ಟಾಯರಿಗೆ ಅಂಟಿಕೊಳ್ಳುತ್ತದೆ, ಆ ಜೇಡಿಗೆ ಮತ್ತೆ ಜೇಡಿ ಅಂಟುತ್ತದೆ. ಗಾಲಿ ಸುತ್ತಿದಷ್ಟೂ ದಪ್ಪವಾಗುತ್ತ ಹೋಗುತ್ತದೆ. ಸಾಮಾನ್ಯ ಬೈಕಿನಲ್ಲಿ ಟಾಯರಿಗೂ ಮಡ್‌ಗಾರ್ಡಿಗೂ ನಡುವೆ ಇರುವ ಜಾಗ ಎರಡು ಬೆರಳಿನಷ್ಟು ಮಾತ್ರ. ಇಪ್ಪತ್ತು ಹೆಜ್ಜೆ ಹೋಗುವಷ್ಟರಲ್ಲಿ ಅದು ತುಂಬಿ, ಮಣ್ಣು ಗಟ್ಟಿಯಾಗಿ ಕುಳಿತು, ಯಾರೋ ಬ್ರೇಕು ಹಿಡಿದಂತೆ ಗಾಲಿ ನಿಲ್ಲುತ್ತದೆ. ಎಂಜಿನ್ನು ಎಷ್ಟು ಒದರಿದರೂ ಕ್ಲಚ್ ಪ್ಲೇಟು ಸುಟ್ಟ ವಾಸನೆ ಬರುತ್ತದೆಯೇ ಹೊರತು ಗಾಡಿ ಮುಂದಕ್ಕೆ ಹೋಗುವುದಿಲ್ಲ. ಆದ್ದರಿಂದಲೇ ನಮ್ಮ ಕಡೆ ಮಳೆಗಾಲದಲ್ಲಿ ಡಾಂಬರು ರಸ್ತೆಯ ಅಂಚಿಗೆ, ಜಾಲಿ ಗಿಡದ ಕೆಳಗೆ, ಸಾಲಾಗಿ ಬೈಕುಗಳು ನಿಂತಿರುತ್ತವೆ. ಯಜಮಾನರು ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಹೊಲಕ್ಕೆ ನಡೆದು ಹೋಗಿರುತ್ತಾರೆ.

ನನ್ನ ಅಪ್ಪನಿಗೆ ಹಾಗೆ ನಿಲ್ಲಿಸಿ ಹೋಗುವುದು ಆಗುತ್ತಿರಲಿಲ್ಲ. ಅವರ ಬಳಿ ಬಜಾಜ್ ಎಂ80 ಇತ್ತು. ನಾನು ಏಳನೆಯ ಇಯತ್ತೆಯಲ್ಲಿದ್ದಾಗ ಒಂದು ಸಂಜೆ, ಹಸ್ತ ಮಳೆ ಹೊಡೆದು ಹೋದ ಮೇಲೆ, ಹೊಲದಿಂದ ರಸ್ತೆಗೆ ಬರುವ ಒಂದೂವರೆ ಕಿಲೋಮೀಟರ್ ಬಂಡಿ ದಾರಿಯನ್ನು ನಾವಿಬ್ಬರೂ ಎರಡು ತಾಸು ದಾಟಿದೆವು. ಐವತ್ತು ಹೆಜ್ಜೆಗೊಮ್ಮೆ ಗಾಡಿ ನಿಲ್ಲುತ್ತಿತ್ತು. ನಾನು ಹ್ಯಾಂಡಲ್ ಹಿಡಿದು ನಿಂತರೆ ಅಪ್ಪ ಕುಕ್ಕರುಗಾಲಿನಲ್ಲಿ ಕುಳಿತು, ಸೀಟಿನ ಕೆಳಗೆ ಸದಾ ಇಟ್ಟುಕೊಂಡಿರುತ್ತಿದ್ದ ಗೇಣುದ್ದದ ಕಬ್ಬಿಣದ ಸಲಾಕೆಯಿಂದ ಮಡ್‌ಗಾರ್ಡಿನೊಳಗಿನ ಮಣ್ಣನ್ನು ಕುಕ್ಕಿ ಕುಕ್ಕಿ ತೆಗೆಯುತ್ತಿದ್ದರು. ಮಣ್ಣು ಬೆಲ್ಲದ ಅಚ್ಚಿನ ಹಾಗೆ, ಟಾಯರಿನ ಗೆರೆಗಳ ಗುರುತು ಹೊತ್ತುಕೊಂಡೇ ಹೊರಗೆ ಬೀಳುತ್ತಿತ್ತು. ಮರುದಿನ ಅವರು ಸಿಟ್ಟಿಗೆದ್ದು ಮುಂದಿನ ಮಡ್‌ಗಾರ್ಡನ್ನೇ ಬಿಚ್ಚಿ ಅಟ್ಟಕ್ಕೆ ಎಸೆದರು. ಗಾಲಿ ನಿಲ್ಲುವುದೇನೋ ತಪ್ಪಿತು. ಆದರೆ ಆ ಸಂಜೆ ಮನೆಗೆ ಬಂದಾಗ ಧೋತರದಿಂದ ಟೋಪಿಯ ತನಕ ಅವರ ಮೈಮೇಲೆ ಕಪ್ಪು ಚುಕ್ಕೆಯಿಲ್ಲದ ಜಾಗವೇ ಇರಲಿಲ್ಲ. “ರಾಡ್ಯಾಗ ಬಿದ್ರೇನು?” ಎಂದು ಅವ್ವ ಗಾಬರಿಯಿಂದ ಕೇಳಿದಾಗ ಅಪ್ಪ, “ಬಿದ್ದಿಲ್ಲ, ಗಾಡಿ ಮ್ಯಾಲ ಕುಂತು ಬಂದೀನಿ” ಎಂದು ಗತ್ತಿನಿಂದಲೇ ಹೇಳಿದ್ದರು.

ಅಪ್ಪ ಹೋದ ಮೇಲೆ ಹೊಲವನ್ನು ಪಾಲಿಗೆ ಹಾಕಿದ್ದೆವು. ಕಾಲೇಜಿನ ಪಾಠ ಮುಗಿಸಿ ವಾರಕ್ಕೊಮ್ಮೆಯಾದರೂ ಹೋಗಿ ಬರಬೇಕು ಎಂದು ನಾನು ತೀರ್ಮಾನಿಸಿದ್ದು ಎರಡು ವರ್ಷದ ಹಿಂದೆ. ಬೇಕಾದದ್ದು ಒಂದೇ: ಮುಂದಿನ ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಒಂದು ಗೇಣು ಗಾಳಿಯಾಡುವ ಗಾಡಿ.

ಎಲ್ಲರಿಗೂ ಬೇಕಾದದ್ದು, ಯಾರಿಗೂ ಬೇಡವಾದದ್ದು

ಹಳೆಯ ಬೈಕು ಹುಡುಕುತ್ತಿದ್ದೇನೆ ಎಂದರೆ ಸಾಕು, ನಮ್ಮ ಕಡೆ ಹತ್ತರಲ್ಲಿ ಒಂಬತ್ತು ಜನ ಆರ್‌ಎಕ್ಸ್ 100 ಎನ್ನುತ್ತಾರೆ. 1985ರಿಂದ 1996ರವರೆಗೆ ಬಂದ 98 ಸಿಸಿಯ ಆ ಎರಡು ಸ್ಟ್ರೋಕಿನ ಬೈಕಿನ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಹುಟ್ಟುವ ಮೊದಲೇ ನಿಂತುಹೋದ ಗಾಡಿಯ ಸದ್ದಿಗೆ ಇಪ್ಪತ್ತರ ಹುಡುಗರು ಮರುಳಾಗುವುದನ್ನು ಕಂಡು ಅಚ್ಚರಿಪಡುತ್ತೇನೆ, ಅಷ್ಟೆ. ಅಷ್ಟು ಜನ ಬಯಸುವುದರಿಂದ ಅದರ ಪ್ರತಿಯೊಂದು ಸಾಮಾನೂ ಇಂದಿಗೂ ಸಿಗುತ್ತದೆ. ಅಸಲಿ ಸಿಗದಿದ್ದರೆ ನಕಲಿ ಸಿಗುತ್ತದೆ, ಟ್ಯಾಂಕಿನ ಸ್ಟಿಕರ್ ಕೂಡ ಸಿಗುತ್ತದೆ. ಆದರೆ ಅದರ ಮಡ್‌ಗಾರ್ಡೂ ಟಾಯರಿಗೆ ಅಂಟಿಕೊಂಡೇ ಇರುವಂಥದ್ದು. ಡೋಣಿ ಬಯಲಿನಲ್ಲಿ ಅದರ ಗತಿ ಎಂ80ಯ ಗತಿಯೇ.

ಇಂಪಲ್ಸ್ ಇದಕ್ಕೆ ತೀರ ಉಲ್ಟಾ. ಹೀರೋ ಮತ್ತು ಹೋಂಡಾ ಬೇರೆಯಾದ ಮೇಲೆ, 2011ರಲ್ಲಿ, ಹೀರೋ ತನ್ನ ಹೊಸ ಹೆಸರಿನಲ್ಲಿ ತಂದ ಮೊದಲ ಗಾಡಿಗಳಲ್ಲಿ ಅದೂ ಒಂದು. ಹೋಂಡಾ ಬ್ರೆಜಿಲ್ಲಿನಲ್ಲಿ ಮಾರುತ್ತಿದ್ದ ಬ್ರೋಸ್ ಎಂಬ ಬೈಕಿನ ದಾಯಾದಿ. ಎತ್ತರದ ಸೀಟು, ಕಡ್ಡಿ ಗಾಲಿಗಳು, ಮುಂದೆ 19 ಇಂಚು, ಹಿಂದೆ 17 ಇಂಚು, ಮುಂದಿನ ಗಾಲಿಯನ್ನು ಹಿಡಿದಿರುವ ಉದ್ದನೆಯ ಫೋರ್ಕು, ಹೆಡ್‌ಲೈಟಿನ ಕೆಳಗೆ ಹಕ್ಕಿಯ ಕೊಕ್ಕಿನಂತೆ ಚಾಚಿದ ಮಡ್‌ಗಾರ್ಡು. ಅಂಗಡಿಗೆ ಹೋದವರು ಅದರ ಬೆಲೆ ಕೇಳಿ, ಇದರ ಎಂಜಿನ್ನು ಹೀರೋದವೇ ಆದ ಹಂಕ್ ಮತ್ತು ಸಿಬಿಜೆಡ್ ಎಕ್ಸ್‌ಟ್ರೀಮ್‌ಗಳ ಅದೇ 149.2 ಸಿಸಿ ಕುಲದ್ದು, ಶಕ್ತಿ ಮಾತ್ರ ಅವಕ್ಕಿಂತ ಒಂದಿಷ್ಟು ಕಡಿಮೆ ಎಂದು ತಿಳಿದು, ಹಂಕ್ ತೆಗೆದುಕೊಂಡು ಮನೆಗೆ ಬಂದರು. ಇವರ ಲೆಕ್ಕ ತಪ್ಪಲ್ಲ. ಡಾಂಬರಿನ ಮೇಲೆ ಓಡಿಸುವವನಿಗೆ ಆ ಕೊಕ್ಕಿನಿಂದ ಆಗಬೇಕಾದದ್ದೇನು? ಕೆಲವೇ ವರ್ಷಗಳಲ್ಲಿ ಇಂಪಲ್ಸ್ ನಿಂತುಹೋಯಿತು. ಅದೇ ಕಂಪನಿ 2017ರಲ್ಲಿ ಡಕಾರ್ ರ್ಯಾಲಿಗೆ ತನ್ನ ತಂಡ ಕಳಿಸಿ, 2019ರಲ್ಲಿ ಇದೇ ಬಗೆಯ ಎಕ್ಸ್‌ಪಲ್ಸ್ 200 ತಂದಾಗ ಜನ ಮುಗಿಬಿದ್ದು ಕೊಂಡದ್ದನ್ನು ನೋಡಿದರೆ, ಇಂಪಲ್ಸ್ ಹುಟ್ಟಿದ್ದು ಎಂಟು ವರ್ಷ ಮೊದಲಾಯಿತೇನೋ ಎನ್ನಿಸುತ್ತದೆ. ಹೊಸ ಎಕ್ಸ್‌ಪಲ್ಸನ್ನೇ ಏಕೆ ಕೊಳ್ಳಲಿಲ್ಲ ಎಂದು ಕೇಳಬೇಡಿ. ಮನೆಯಲ್ಲಿ ಮಗಳ ಕಾಲೇಜಿನ ಫೀ ತುಂಬುವ ವರ್ಷ ಅದು.

ಜಾಂಬೋಟಿಯ ಕೊಟ್ಟಿಗೆಯಲ್ಲಿ

ಗಾಡಿ ಸಿಕ್ಕದ್ದು ಬೆಳಗಾವಿಯಿಂದ ಆಚೆ, ಖಾನಾಪುರ ತಾಲ್ಲೂಕಿನ ಜಾಂಬೋಟಿ ಸಮೀಪದ ಒಂದು ಹಳ್ಳಿಯಲ್ಲಿ. ಮಲಪ್ರಭೆ ಹುಟ್ಟುವ ಕಣಕುಂಬಿ ಅಲ್ಲಿಂದ ಹತ್ತಿರ. ನಮ್ಮಲ್ಲಿ ವರ್ಷವಿಡೀ ಬೀಳುವ ಮಳೆ ಅಲ್ಲಿಯ ಜನ ಆಷಾಢದ ಕೆಲವೇ ದಿನಗಳಲ್ಲಿ ನೋಡಿಬಿಡುತ್ತಾರೆ. ಮಾರುವವರು ಗೋಡಂಬಿ ತೋಟಕ್ಕೆ ಹೋಗಿಬರಲು ಇಟ್ಟುಕೊಂಡಿದ್ದ ಗಾಡಿ ಎರಡು ವರ್ಷದಿಂದ ದನದ ಕೊಟ್ಟಿಗೆಯ ಮೂಲೆಯಲ್ಲಿ, ಕಟ್ಟಿಗೆ ರಾಶಿಗೆ ಒರಗಿ ನಿಂತಿತ್ತು. ಹೊರಡುವ ಮುನ್ನ ನನ್ನ ಮಿಸ್ತ್ರಿ, ಊರಿನವರೆಲ್ಲ ಚಾಚಾ ಎಂದೇ ಕರೆಯುವ ಹಿರಿಯರು, ಏನೇನು ನೋಡಬೇಕು ಎಂಬುದನ್ನು ಎರಡೆರಡು ಸಲ ಹೇಳಿ ಕಳಿಸಿದ್ದರು. ಹೋದ ಕೂಡಲೇ ಎಂಜಿನ್ನಿನ ಮೇಲೆ ಅಂಗೈ ಇಡಬೇಕು, ಬೆಚ್ಚಗಿದ್ದರೆ ನೀವು ಬರುವ ಮೊದಲೇ ಚಾಲೂ ಮಾಡಿ ಇಟ್ಟಿದ್ದಾರೆ ಎಂದು ಅರ್ಥ. ಸೆಲ್ಫ್ ಮುಟ್ಟದೆ ಕಿಕ್ಕಿನಲ್ಲೇ ಚಾಲೂ ಮಾಡಬೇಕು. ಫೋರ್ಕಿನ ಪೈಪಿನ ಮೇಲೆ ಉಗುರು ಎಳೆದು ನೋಡಬೇಕು, ಉಗುರು ಸಿಕ್ಕಿದಲ್ಲೆಲ್ಲ ತುಕ್ಕು ಗುಳಿ ತೋಡಿದೆ, ಅಲ್ಲಿ ಆಯಿಲ್ ಸೀಲ್ ಉಳಿಯುವುದಿಲ್ಲ. ಹಿಂದಿನ ಗಾಲಿಯನ್ನು ಎರಡೂ ಕೈಯಿಂದ ಹಿಡಿದು ಅಡ್ಡಡ್ಡ ಅಲುಗಿಸಬೇಕು, ಟಕ್ ಎಂದರೆ ಆ ಗಾಲಿಯನ್ನು ಹಿಡಿದಿರುವ ತೋಳಿನ, ಅಂದರೆ ಸ್ವಿಂಗ್ ಆರ್ಮಿನ, ಬುಶ್ ಸವೆದಿದೆ.

ಎಂಜಿನ್ನು ತಣ್ಣಗಿತ್ತು. ಉಗುರು ನಾಲ್ಕು ಕಡೆ ಸಿಕ್ಕಿತು. ಹಿಂದಿನ ಗಾಲಿ ಟಕ್ ಎಂದಿತು. ಹದಿನಾರನೆಯ ಕಿಕ್ಕಿಗೆ ಎಂಜಿನ್ನು ಎದ್ದು, ಕೊಟ್ಟಿಗೆಯ ತುಂಬ ನೀಲಿ ಹೊಗೆ ಹರಡಿ, ಕಟ್ಟಿದ್ದ ಎಮ್ಮೆ ಹಗ್ಗ ಜಗ್ಗತೊಡಗಿತು. ಆದರೆ ನನ್ನ ಕಣ್ಣು ಮೊದಲೇ ಬೇರೆಡೆಗೆ ಹೋಗಿತ್ತು. ಹಕ್ಕಿಯ ಕೊಕ್ಕು ಇರಬೇಕಾದ ಜಾಗ ಬೋಳಾಗಿತ್ತು. ಅದರ ಬದಲು ಯಾವುದೋ ಸಾದಾ ಬೈಕಿನ ತಗಡಿನ ಮಡ್‌ಗಾರ್ಡನ್ನು ಫೋರ್ಕಿಗೆ ಪಟ್ಟಿ ಹೊಡೆದು, ಟಾಯರಿಗೆ ತಾಗುವಂತೆ ಕೂರಿಸಿದ್ದರು. “ಅಸಲಿದು ಮುರದಹೋತ್ರಿ ಭಾವು. ಬೆಳಗಾವ್ಯಾಗ ಭಾಳ ಹುಡಕೀನಿ, ಸಿಗಲಿಲ್ಲ,” ಎಂದರು ಅವರು. ಯಾವ ಒಂದು ವಸ್ತುವಿಗಾಗಿ ನಾನು ಇನ್ನೂರು ಕಿಲೋಮೀಟರಿನಾಚೆಯಿಂದ ಬಂದಿದ್ದೆನೋ ಅದೊಂದೇ ಆ ಗಾಡಿಯಲ್ಲಿ ಇರಲಿಲ್ಲ. ನಾನು ಅಲ್ಲಿಯೇ ನಮಸ್ಕಾರ ಹೇಳಿ ಮರಳಬೇಕಿತ್ತು. ಮಡ್‌ಗಾರ್ಡ್ ತಾನೇ, ಒಂದು ಪ್ಲಾಸ್ಟಿಕ್ ತುಂಡು, ಎಲ್ಲಿಯಾದರೂ ಸಿಗುತ್ತದೆ ಎಂದುಕೊಂಡೆ. ಅದಿಲ್ಲವೆಂಬ ನೆಪ ಹೇಳಿ ಎರಡು ಸಾವಿರ ಇಳಿಸಿದೆ, ಜಾಣನಾದೆ ಎಂದು ಹಿಗ್ಗಿದೆ. ಆ ಎರಡು ಸಾವಿರ ಮುಂದೆ ಬಸ್ಸಿನ ಟಿಕೀಟಿಗೇ ಸಾಲಲಿಲ್ಲ.

ಬೆಳಗಾವಿಗೆ ಒಣದ್ರಾಕ್ಷಿ ಇಳಿಸಿ ಖಾಲಿ ಮರಳುತ್ತಿದ್ದ ಟೆಂಪೊ ಒಂದರಲ್ಲಿ ಗಾಡಿಯನ್ನು ಹೇರಿಕೊಂಡು ಬಂದೆ. ಕಾಗದಪತ್ರದ ಕಥೆಯನ್ನು ಚುಟುಕಾಗಿ ಹೇಳುತ್ತೇನೆ, ಏಕೆಂದರೆ ಹಳೆಯ ಗಾಡಿ ಕೊಂಡವರೆಲ್ಲರ ಕಥೆಯೂ ಒಂದೇ. ಸಾಲ ತೀರಿ ಹತ್ತು ವರ್ಷವಾಗಿದ್ದರೂ ಆರ್‌ಸಿಯಲ್ಲಿ ಫೈನಾನ್ಸ್ ಕಂಪನಿಯೊಂದರ ಹೆಸರು ಹಾಗೆಯೇ ಉಳಿದಿತ್ತು. ಅದನ್ನು ತೆಗೆಸದೆ ಹೆಸರು ವರ್ಗಾವಣೆ ಆಗುವುದಿಲ್ಲ, ತೆಗೆಸಬೇಕಾದರೆ ಫಾರಂ 35ರ ಮೇಲೆ ಆ ಕಂಪನಿಯ ಸಹಿ ಬೇಕು, ಸಹಿ ಮಾಡಬೇಕಾದ ಶಾಖೆಯೋ ವಿಳಾಸ ಬದಲಿಸಿ ಎಲ್ಲಿಗೋ ಹೋಗಿತ್ತು. ಹೆಸರು ವರ್ಗಾವಣೆಯ ಫಾರಂ 29, 30 ಎಲ್ಲ ಸಿದ್ಧವಿಟ್ಟುಕೊಂಡು ಮೂರು ಸಲ ಬೆಳಗಾವಿಗೆ ಅಲೆದೆ. ಹಣ ಕೊಡುವ ಮೊದಲು ಆರ್‌ಸಿಯ ಆ ಒಂದು ಸಾಲನ್ನು ಓದಿ ಎಂದಷ್ಟೇ ಹೇಳಬಲ್ಲೆ. ಇನ್ನು 2027ಕ್ಕೆ ಹದಿನೈದು ವರ್ಷ ತುಂಬಿದಾಗ ನೋಂದಣಿಯ ನವೀಕರಣವೆಂಬ ಇನ್ನೊಂದು ಅಧ್ಯಾಯ ಇದ್ದೇ ಇದೆ.

ಅಂಗಡಿಗೆ ಹೆಸರು, ಲೇಥಿಗೆ ಅಳತೆ

ಚಾಚಾ ಮೊದಲ ದಿನ ಪಾನಾ ಮುಟ್ಟಲೇ ಇಲ್ಲ. ನೀರಿನ ಪೈಪು ಹಿಡಿದು ಒಂದು ತಾಸು ತೊಳೆದರು. ಚೇನ್ ಕವರಿನ ಒಳಗಿಂದ, ಸ್ಟ್ಯಾಂಡಿನ ಸಂದಿಯಿಂದ, ಚಾಸಿಯ ಪ್ರತಿ ತೂತಿನಿಂದ ಕೆಂಪು ನೀರು ಇಳಿದು, ಎಣ್ಣೆ ಕುಡಿದು ಕಪ್ಪಾಗಿದ್ದ ಗ್ಯಾರೇಜಿನ ನೆಲದ ಮೇಲೆ ಹರಿಯಿತು. “ಸರ್, ಇದರ ಹೊಟ್ಟ್ಯಾಗ ಒಂದ್ ಬುಟ್ಟಿ ಖಾನಾಪುರ ಐತಿ ನೋಡ್ರಿ,” ಎಂದರು. ಕೆಂಪು ಹೋದ ಮೇಲೆ ತುಕ್ಕು ಕಂಡಿತು. ವಿಜಯಪುರದ ಗಾಡಿಗಳು ಧೂಳಿನಿಂದ ಸವೆಯುತ್ತವೆ, ತುಕ್ಕು ಹಿಡಿಯುವುದು ಕಡಿಮೆ. ಇದು ಕಾಡಿನ ಮಳೆ ಕುಡಿದ ಗಾಡಿ, ಕೆಳಗಿನಿಂದ ಮೇಲಕ್ಕೆ ತುಕ್ಕು ಏರಿತ್ತು. ಟ್ಯಾಂಕಿನ ಒಳಗೆ ಒಂದು ಹಿಡಿ ಸಣ್ಣ ನಟ್ಟು ಹಾಕಿ, ಡೀಸೆಲ್ ಸುರಿದು, ಇಬ್ಬರು ಹುಡುಗರು ಅದನ್ನು ತೊಟ್ಟಿಲಿನಂತೆ ಆಚೀಚೆ ತೂಗಿದರು. ಮೂರನೆಯ ಸಲ ಹೊರಬಂದ ಡೀಸೆಲ್ ಚಹಾದ ಬಣ್ಣಕ್ಕೆ ಬಂದ ಮೇಲೆಯೇ ಬಿಟ್ಟರು.

ಎಂಜಿನ್ನಿನ ವಿಷಯದಲ್ಲಿ ನಾನು ಹೆದರಿದಷ್ಟು ಏನೂ ಆಗಲಿಲ್ಲ. ರಿಂಗುಗಳು ಸವೆದು, ವಾಲ್ವ್ ಸೀಲು ಗಟ್ಟಿಯಾಗಿ ಆಯಿಲ್ ಸುಡುತ್ತಿತ್ತು. ಸಿಲಿಂಡರ್ ಬೋರಿನಲ್ಲಿ ಮೇಲೆ ಒಂದು ಅಳತೆ, ಕೆಳಗೆ ಇನ್ನೊಂದು. 0.25 ಮಿ.ಮೀ. ಓವರ್‌ಸೈಜ್ ಪಿಸ್ಟನ್ನಿಗೆ ಬೋರ್ ಮಾಡಿಸುವುದು, ವಾಲ್ವ್ ಲ್ಯಾಪಿಂಗ್, ಟೈಮಿಂಗ್ ಚೇನು, ಕ್ಲಚ್ ಪ್ಲೇಟು, ಇಷ್ಟೇ ಕೆಲಸ. ಆದರೆ ಸಾಮಾನು ತರಲು ಅಂಗಡಿಗೆ ಹೋದಾಗ ನಾನು ಒಂದು ತಪ್ಪು ಮಾಡಿದೆ: ಗಾಡಿಯ ಹೆಸರು ಹೇಳಿದೆ. ಕೌಂಟರಿನ ಹುಡುಗ ತಲೆಯನ್ನೂ ಎತ್ತದೆ, “ಇಂಪಲ್ಸ್ ಐಟಂ ಬರಂಗಿಲ್ರಿ” ಎಂದ. ಯಾವ ಸಾಮಾನು ಬೇಕು ಎಂದು ನಾನಿನ್ನೂ ಹೇಳಿರಲಿಲ್ಲ. ಬರಿಗೈಯಲ್ಲಿ ಮರಳಿದ ನನ್ನನ್ನು ನೋಡಿ ಚಾಚಾ ನಕ್ಕು, ಹಳೆಯ ಸಾಮಾನುಗಳನ್ನೆಲ್ಲ ಒಂದು ಬಟ್ಟೆಯಲ್ಲಿ ಗಂಟು ಕಟ್ಟಿ, ಜೇಬಿನಲ್ಲಿ ವರ್ನಿಯರ್ ಇಟ್ಟುಕೊಂಡು ತಾವೇ ಹೊರಟರು. ಅದೇ ಅಂಗಡಿ, ಅದೇ ಹುಡುಗ. ಚಾಚಾ ಇಂಪಲ್ಸ್ ಎಂಬ ಮಾತನ್ನೇ ಎತ್ತಲಿಲ್ಲ. ಇದು ಹಂಕಿನದು ಕೊಡು, ಅದು ಸಿಬಿಜೆಡ್‌ನದು ತೋರಿಸು ಎನ್ನುತ್ತ, ಹೊಸದನ್ನೂ ಹಳೆಯದನ್ನೂ ಒಂದರ ಪಕ್ಕ ಒಂದಿಟ್ಟು ವರ್ನಿಯರಿನಲ್ಲಿ ಅಳೆದು, ಕೂದಲೆಳೆಯ ವ್ಯತ್ಯಾಸ ಕಂಡದ್ದನ್ನು ಹಿಂದಕ್ಕೆ ತಳ್ಳುತ್ತ, ಮುಕ್ಕಾಲು ತಾಸಿನಲ್ಲಿ ಎಲ್ಲವನ್ನೂ ಕಟ್ಟಿಸಿಕೊಂಡರು. ಮುಂದಿನ 19 ಇಂಚಿನ ಟಾಯರಿಗೂ ಹೀಗೆಯೇ ಒಬ್ಬ ನೆಂಟ ಸಿಕ್ಕಿತು: ಬುಲೆಟ್ಟಿಗೂ ಮುಂದೆ ಅದೇ ಅಳತೆ. ನಮ್ಮ ಹಳ್ಳಿಗಳಲ್ಲಿ ಬೀಗರ ಮನೆತನ ಜಾಲಾಡಿ ಸಂಬಂಧ ಹಿಡಿಯುವ ಹಿರಿಯರಂತೆ ಈ ಮಿಸ್ತ್ರಿಗಳಿಗೆ ಗಾಡಿಗಳ ವಂಶಾವಳಿ ಬಾಯಿಪಾಠ.

ವಿಜಯಪುರದಲ್ಲಿ ಆಗದ ಎರಡು ಕೆಲಸಗಳು ಉಳಿದವು. ಗುಳಿ ಬಿದ್ದ ಫೋರ್ಕ್ ಪೈಪುಗಳು, ಸವೆದ ಸ್ವಿಂಗ್ ಆರ್ಮ್ ಬುಶ್ಶುಗಳು. ಹೇಗೂ ಫೈನಾನ್ಸ್ ಕಂಪನಿಯ ಸಹಿಗಾಗಿ ಬೆಳಗಾವಿಗೆ ಹೋಗಬೇಕಿತ್ತು. ಅವನ್ನು ಚೀಲದಲ್ಲಿ ಹಾಕಿಕೊಂಡು ಅಲ್ಲಿಯ ಕೈಗಾರಿಕೆಗಳ ಬಡಾವಣೆಯಾದ ಉದ್ಯಮಬಾಗಿಗೆ ಹೋದೆ. ಫೌಂಡ್ರಿಗಳ ಮತ್ತು ಹೈಡ್ರಾಲಿಕ್ ಯಂತ್ರಗಳ ಊರು ಬೆಳಗಾವಿ ಎಂದು ಓದಿದ್ದೆ. ಅದರಿಂದ ನನ್ನಂಥವನಿಗೆ ಏನು ಉಪಯೋಗ ಎಂಬುದು ಆ ದಿನ ತಿಳಿಯಿತು. ಹೈಡ್ರಾಲಿಕ್ ಸಿಲಿಂಡರಿನ ರಾಡಿಗೆ ಹಾರ್ಡ್ ಕ್ರೋಮ್ ಹಾಕಿ, ಗ್ರೈಂಡ್ ಮಾಡಿ ಅಳತೆಗೆ ತರುವವರಿಗೆ ಬೈಕಿನ ಫೋರ್ಕ್ ಪೈಪು ಎಂದರೆ ಸಣ್ಣದೊಂದು ರಾಡು, ಅಷ್ಟೆ. ಎಂಟು ದಿನಕ್ಕೆ ಬನ್ನಿ ಎಂದರು. ಬುಶ್ ಕೊರೆಯುವವರು ಹತ್ತಿರದ ಓಣಿಯಲ್ಲಿ, ತಗಡಿನ ಶೆಡ್ಡಿನಲ್ಲಿ ಒಂದೇ ಲೇಥ್ ಇಟ್ಟುಕೊಂಡಿದ್ದ ಐವತ್ತು ದಾಟಿದ ಮನುಷ್ಯ. ಹಳೆಯ ಬುಶ್ಶನ್ನು ಬೆರಳ ತುದಿಯಲ್ಲಿ ತಿರುಗಿಸಿ, ಮೈಕ್ರೊಮೀಟರಿನಲ್ಲಿ ಮೂರು ಕಡೆ ಅಳೆದು, ಗೋಡೆಯ ಮೇಲೆ ಸೀಮೆಸುಣ್ಣದಿಂದ ಬರೆದುಕೊಂಡರು. ಕೇಳಿದ ಪ್ರಶ್ನೆ ಒಂದೇ: ಒಳಗೆ ಕೂರುವ ಪಿನ್ನು ತಂದಿದ್ದೀರಾ? ತಂದಿದ್ದೆ. ಹಿತ್ತಾಳೆಗಿಂತ ಕೆಂಪಗಿನ ಗನ್‌ಮೆಟಲ್ ತುಂಡಿನಿಂದ ಸುರುಳಿ ಸುರುಳಿಯಾಗಿ ಚೂರು ಹಾರುವುದನ್ನು ನೋಡುತ್ತ ಅರ್ಧ ತಾಸು ಕುಳಿತೆ. ಕೊಡುವಾಗ, ಇದನ್ನು ಸುತ್ತಿಗೆಯಿಂದ ಹೊಡೆದು ಕೂರಿಸಬೇಡಿ, ವೈಸಿನಲ್ಲಿ ಒತ್ತಿ ಎಂದು ಎಚ್ಚರಿಸಿದರು. ಹಣ ಕೊಟ್ಟು ರಸ್ತೆಗೆ ಬಂದ ಮೇಲೆ ಹೊಳೆಯಿತು, ಅದು ಯಾವ ಗಾಡಿಯದು ಎಂದು ಅವರು ಕೇಳಿಯೇ ಇರಲಿಲ್ಲ. ಅಂಗಡಿಗೆ ಹೆಸರು ಬೇಕು, ಲೇಥಿಗೆ ಅಳತೆ ಸಾಕು.

ಹೀಗಾಗಿ ಆ ಗಾಡಿಯಲ್ಲಿ ಬೇರೆಯವರೊಂದಿಗೆ ಹಂಚಿಕೊಂಡದ್ದೆಲ್ಲ ಅಂಗಡಿಯಲ್ಲಿ ಸಿಕ್ಕಿತು, ದುಂಡಗೆ ಅಥವಾ ಚಪ್ಪಟೆಯಾಗಿ ಇದ್ದದ್ದೆಲ್ಲ ಲೇಥಿನಲ್ಲಿ ಸಿಕ್ಕಿತು. ಯಾವುದು ಅದನ್ನು ಇಂಪಲ್ಸ್ ಮಾಡಿತ್ತೋ ಅದು ಮಾತ್ರ ಎಲ್ಲಿಯೂ ಸಿಗಲಿಲ್ಲ.

ಎಂಟು ದಿನದ ಕೈಗಡ

ವಿಜಯಪುರ, ಬಾಗಲಕೋಟೆ, ಸೊಲ್ಲಾಪುರ, ಮೂರೂ ಕಡೆಯ ಕೌಂಟರುಗಳಲ್ಲಿ ಕೇಳಿದೆ. ಪಾರ್ಟ್ ನಂಬರ್ ಕಂಪ್ಯೂಟರಿನಲ್ಲಿ ಕಾಣುತ್ತಿತ್ತು, ಅದರ ಮುಂದೆ ಸೊನ್ನೆಯೂ ಕಾಣುತ್ತಿತ್ತು. ಫೋನಿನಲ್ಲಿ ತರಿಸಿದ ಒಂದು ಪೊಟ್ಟಣದ ಮೇಲೆ ಇಂಪಲ್ಸ್ ಎಂದೇ ಬರೆದಿತ್ತು, ಬಿಚ್ಚಿದರೆ ಒಳಗಿದ್ದದ್ದು ಯಾವುದೋ ಸ್ಕೂಟರಿನದು. ಎಕ್ಸ್‌ಪಲ್ಸಿನ ಮಡ್‌ಗಾರ್ಡ್ ತಂದು ಪಟ್ಟಿ ಹೊಡೆದು ಕೂರಿಸಿ ನೋಡಿದೆವು. ನಿಂತಾಗ ಚೆನ್ನಾಗಿಯೇ ಇತ್ತು, ಇಬ್ಬರು ಹ್ಯಾಂಡಲ್ ಮೇಲೆ ಭಾರ ಹಾಕಿ ಫೋರ್ಕನ್ನು ಪೂರ್ತಿ ಒತ್ತಿದಾಗ ಟಾಯರು ಅದರ ಅಂಚಿಗೆ ಬಂದು ಉಜ್ಜಿತು. ಅಷ್ಟರಲ್ಲಿ ಮುಂಗಾರಿ ಮಳೆಯೊಂದು ಬಂದುಹೋಯಿತು, ಗಾಡಿ ಗ್ಯಾರೇಜಿನಲ್ಲೇ ಇತ್ತು, ನಾನು ಚಪ್ಪಲಿ ಕೈಯಲ್ಲಿ ಹಿಡಿದು ಹೊಲಕ್ಕೆ ನಡೆದೆ.

ದಾರಿ ತೋರಿಸಿದವರು ಗಾಡಿ ಮಾರಿದವರೇ. ನನ್ನ ಗೋಳನ್ನು ಫೋನಿನಲ್ಲಿ ಕೇಳಿ, ಕಣಕುಂಬಿಯ ಕಡೆ ಪರಿಚಯದವರ ಬಳಿ ಇನ್ನೂ ಓಡುವ ಇಂಪಲ್ಸ್ ಒಂದಿದೆ, ಕೇಳಿ ನೋಡುತ್ತೇನೆ ಎಂದರು. ಮಾರುವುದಿಲ್ಲ, ಆದರೆ ಅಚ್ಚು ತೆಗೆದು ನಕಲು ಮಾಡಿಸಿಕೊಳ್ಳಲು ಮಡ್‌ಗಾರ್ಡನ್ನು ಎಂಟು ದಿನದ ಮಟ್ಟಿಗೆ ಬಿಚ್ಚಿ ಕೊಡುತ್ತೇನೆ ಎಂದು ಆ ಗುರುತಿಲ್ಲದ ಮನುಷ್ಯ ಒಪ್ಪಿಕೊಂಡರಂತೆ. ಗೋಣಿಚೀಲದಲ್ಲಿ, ಮರಾಠಿ ಪತ್ರಿಕೆಯ ಹಾಳೆಗಳಲ್ಲಿ ಸುತ್ತಿದ ಮಡ್‌ಗಾರ್ಡು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಬಂದಿಳಿಯಿತು. ಬೆನ್ನ ಮೇಲೆ ಒಂದು ಗೀರು, ಒಳಗೆ ಒಣಗಿದ ಕೆಂಪು ಮಣ್ಣು, ನಾಲ್ಕು ಬೋಲ್ಟುಗಳು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಬೇರೆಯಾಗಿ ಕಟ್ಟಿದ್ದವು. ಮನೆಯಲ್ಲಿ ಅದನ್ನು ಎಲ್ಲಿಡುವುದು ಎಂದು ತಿಳಿಯದೆ ಕಪಾಟಿನಲ್ಲಿ, ಇಸ್ತ್ರಿ ಮಾಡಿದ ಬಟ್ಟೆಯ ಮೇಲೆ ಇಟ್ಟೆ. ಹೆಂಡತಿ ಏನೂ ಅನ್ನಲಿಲ್ಲ. ಅನ್ನದಿರುವುದೂ ಒಂದು ಮಾತೇ.

ಅಚ್ಚು ತೆಗೆಯಬೇಕಾದವರು ನಮ್ಮ ಊರಿನ ಒಬ್ಬ ಫೈಬರ್ ಕೆಲಸದವರು, ಶಾಲೆಗಳ ಜಾರುಬಂಡೆ ಮತ್ತು ಬಸ್ಸಿನ ಬಂಪರ್ ಮಾಡುವವರು. ಬಿಸಿಲೇರಿದರೆ ರೆಸಿನ್ನು ಮಗ್ಗಿನಲ್ಲೇ ಗಟ್ಟಿಯಾಗುತ್ತದೆ ಎಂದು ಬೆಳಗಿನ ಆರು ಗಂಟೆಗೆ ಬರಹೇಳಿದರು. ಅವರ ಮಾತನ್ನು ನಾನು ಪೂರ್ತಿ ನಂಬಿರಲಿಲ್ಲ. ಒಂಬತ್ತರ ಹೊತ್ತಿಗೆ ಹುಡುಗನೊಬ್ಬ ಹಾರ್ಡನರನ್ನು ಒಂದಿಷ್ಟು ಹೆಚ್ಚು ಹನಿಸಿದಾಗ ಮಗ್ಗಿನಿಂದ ಹೊಗೆ ಎದ್ದು, ಒಳಗಿನದೆಲ್ಲ ಕಲ್ಲಾಗಿ, ಮಗ್ಗನ್ನೇ ಎಸೆಯಬೇಕಾಯಿತು. ಮೊದಲು ಕೈಗಡದ ಮಡ್‌ಗಾರ್ಡಿಗೆ ಮೇಣದ ಪಾಲಿಶ್ ಹಚ್ಚಿ, ಒಣಗಿಸಿ, ಉಜ್ಜಿ, ಮತ್ತೆ ಹಚ್ಚಿ, ಹೀಗೆ ನಾಲ್ಕು ಸಲ. ಆಮೇಲೆ ಜೆಲ್ ಕೋಟ್, ಅದರ ಮೇಲೆ ಗಾಜಿನ ನಾರಿನ ಮ್ಯಾಟು, ಮ್ಯಾಟಿನ ಮೇಲೆ ಬ್ರಶ್ಶಿನಿಂದ ಕುಟ್ಟಿ ಕುಟ್ಟಿ ಕುಡಿಸಿದ ರೆಸಿನ್ನು. ಗಾಳಿಗುಳ್ಳೆ ಒಂದೂ ಉಳಿಯಬಾರದು. ಮೇಣ ಎಲ್ಲಿಯಾದರೂ ತಪ್ಪಿದ್ದರೆ ಏನಾಗುತ್ತದೆ ಎಂದು ಕೇಳಿದೆ. “ಎರಡೂ ಒಂದಾಗಿ ಹೋಗ್ತಾವ್ರಿ,” ಎಂದು ಅವರು ತಣ್ಣಗೆ ಹೇಳಿದರು.

ಮರುದಿನ ಅಚ್ಚು ಬಿಡಿಸುವಾಗ ನಾನು ಅಲ್ಲಿರಬಾರದಿತ್ತು. ಅವರು ಕಟ್ಟಿಗೆಯ ಚಿಕ್ಕ ಬೆಣೆಯನ್ನು ಅಂಚಿಗೆ ತೂರಿಸಿ ಮೆಲ್ಲಗೆ ತಟ್ಟಿದರು, ಏನೂ ಆಗಲಿಲ್ಲ. ಇನ್ನೊಂದು ಕಡೆ ತಟ್ಟಿದರು. ಸಂದಿಗೆ ನೀರು ಹಾಯಿಸಿದರು. ಅಂಚಿನಲ್ಲಿ ಸಣ್ಣಗೆ ಚಟಪಟ ಎಂದಿತು, ಮತ್ತೆ ನಿಂತಿತು. ಆ ಹೊತ್ತಿನಲ್ಲಿ ನನ್ನ ಕಣ್ಣ ಮುಂದೆ ಇದ್ದದ್ದು ನನ್ನ ಗಾಡಿಯಲ್ಲ, ಕಣಕುಂಬಿಯ ಆ ಮಳೆಯಲ್ಲಿ ಬೋಳು ಮೂತಿಯಿಂದ ನಿಂತಿರುವ ಇನ್ನೊಂದು ಗಾಡಿ. ಹೊಸದು ಸಿಗದ ವಸ್ತುವನ್ನು ಓಡುವ ಗಾಡಿಯಿಂದ ಬಿಚ್ಚಿ, ಹೆಸರು ಬಿಟ್ಟರೆ ಬೇರೇನೂ ತಿಳಿಯದವನಿಗೆ ಬಸ್ಸಿನಲ್ಲಿ ಹಾಕಿ ಕಳಿಸಿದವನಿಗೆ ನಾನು ಯಾವ ಮುಖ ಹೊತ್ತು ಫೋನು ಮಾಡಲಿ? ಮೂರನೆಯ ಬೆಣೆಗೆ ಟಪ್ ಎಂಬ ದೊಡ್ಡ ಸದ್ದಾಯಿತು. ಒಡೆದೇ ಹೋಯಿತೆಂದು ಕಣ್ಣು ಮುಚ್ಚಿದೆ. ತೆರೆದಾಗ ಅವರ ಎಡಗೈಯಲ್ಲಿ ಅಚ್ಚು, ಬಲಗೈಯಲ್ಲಿ ಮಡ್‌ಗಾರ್ಡು. ಅಚ್ಚಿನ ಒಳಮೈಯಲ್ಲಿ ಕಣಕುಂಬಿಯ ಆ ಗೀರು ಕೂಡ ಕೂದಲಿನಷ್ಟು ಸಣ್ಣಗೆ ಮೂಡಿತ್ತು. ತುಂಬಿ ಉಜ್ಜಿಬಿಡಲೇ ಎಂದು ಅವರು ಕೇಳಿದರು, ಇರಲಿ ಎಂದೆ.

ಮೂರು ಪ್ರತಿ ಮಾಡಿಸಿದೆ. ಒಂದು ನನ್ನ ಗಾಡಿಗೆ, ಒಂದು ಅಟ್ಟಕ್ಕೆ, ಇನ್ನೊಂದು ಅಸಲಿಯ ಜೊತೆಗೆ ಅದೇ ಗೋಣಿಚೀಲದಲ್ಲಿ ಕಣಕುಂಬಿಗೆ. ನಕಲಿಯನ್ನು ಅಸಲಿ ಎನ್ನುವುದಿಲ್ಲ. ಕಂಪನಿಯ ಪ್ಲಾಸ್ಟಿಕ್ಕು ಬಿದ್ದರೆ ಬಾಗಿ ಮತ್ತೆ ನೆಟ್ಟಗಾಗುತ್ತದೆ, ಫೈಬರ್ ಬಾಗುವುದಿಲ್ಲ, ಸೀಳುತ್ತದೆ. ತೂಕವೂ ಒಂದಿಷ್ಟು ಹೆಚ್ಚು. ಚಾಚಾ ಬೋಲ್ಟಿನ ತೂತುಗಳ ಸುತ್ತ ಒಂದು ಪದರ ಹೆಚ್ಚು ಮ್ಯಾಟು ಹಾಕಿಸಿ, ಹಳೆಯ ಟ್ಯೂಬಿನಿಂದ ರಬ್ಬರ್ ವಾಷರ್ ಕತ್ತರಿಸಿ ಮೇಲೂ ಕೆಳಗೂ ಇಟ್ಟು ಬಿಗಿದರು. ಟಾಯರಿಗೂ ಅದಕ್ಕೂ ನಡುವೆ ನನ್ನ ಅಂಗೈಯನ್ನು ಉದ್ದಕ್ಕೆ ಹಿಡಿದು ನೋಡಿದೆ, ಸರಾಗವಾಗಿ ಆಡಿತು.

ಅಕ್ಟೋಬರಿನಲ್ಲಿ, ಮಾಲದಂಡಿ ಜೋಳ ಬಿತ್ತಿ ವಾರವಾಗಿತ್ತು, ರಾತ್ರಿಯಿಡೀ ಮಳೆ ಹೊಡೆಯಿತು. ಒಂದು ದಿನದ ಬಿಸಿಲು ಬೀಳಲಿ ಎಂದು ಚಾಚಾ ಹೇಳಿದ್ದರೂ ಕೇಳದೆ ಮರುದಿನ ಬೆಳಿಗ್ಗೆಯೇ ಹೊರಟೆ. ಜಾಲಿ ಗಿಡದ ಕೆಳಗೆ ಆಗಲೇ ಐದಾರು ಬೈಕುಗಳು ನಿಂತಿದ್ದವು. ಅವುಗಳ ಪಕ್ಕದಿಂದ ನಾನು ಬಂಡಿ ದಾರಿಗೆ ಇಳಿದೆ. ಮಣ್ಣು ಮುಂದಿನ ಟಾಯರಿಗೆ ಅಂಟಿ ದಪ್ಪವಾಗತೊಡಗಿತು, ಮಡ್‌ಗಾರ್ಡಿನ ತನಕ ಏರಲಾರದೆ ತನ್ನ ಭಾರಕ್ಕೆ ತಾನೇ ಕಳಚಿ ಹೆಂಟೆ ಹೆಂಟೆಯಾಗಿ ಬಿತ್ತು. ಮತ್ತೆ ಅಂಟಿತು, ಮತ್ತೆ ಬಿತ್ತು. ಮುಖದ ಮೇಲೆ ಒಂದು ಚುಕ್ಕೆಯೂ ಇಲ್ಲ. ಮೊದಲ ಗೇರಿನಲ್ಲಿ, ಕಾಲು ಎರಡೂ ಕಡೆ ಚಾಚಿಕೊಂಡು, ನೂರು ಹೆಜ್ಜೆ, ಇನ್ನೂರು ಹೆಜ್ಜೆ. ಹಳ್ಳದ ತಿರುವು ದಾಟಿ ನಮ್ಮ ಬದುವಿನ ಬೇವಿನ ಮರ ಕಾಣುವಷ್ಟರಲ್ಲಿ ಗಾಡಿ ಹಿಂದಿನಿಂದ ಯಾರೋ ಹಿಡಿದು ಜಗ್ಗಿದಂತಾಗಿ ನಿಂತಿತು. ಇಳಿದು ನೋಡಿದೆ. ಮುಂದಿನ ಗಾಲಿ ಸ್ವಚ್ಛವಾಗಿತ್ತು. ಹಿಂದಿನ ಗಾಲಿ ಮತ್ತು ಸ್ವಿಂಗ್ ಆರ್ಮಿನ ನಡುವಿನ ಸಂದಿ, ಉದ್ಯಮಬಾಗಿನ ಹೊಸ ಬುಶ್ಶು ಕೂತಲ್ಲಿಂದ ಚೇನಿನ ತನಕ, ಒಂದು ಎಳೆ ಬೆಳಕೂ ತೂರದಂತೆ ಕಪ್ಪಗೆ ತುಂಬಿಹೋಗಿತ್ತು.

ಅಪ್ಪನ ಸಲಾಕೆ ಎಲ್ಲಿಗೆ ಹೋಯಿತೋ ಈಗ ಯಾರಿಗೂ ತಿಳಿಯದು. ಬದುವಿನ ಮೇಲೆ ಕಳೆದ ವರ್ಷದ ತೊಗರಿ ಕಟ್ಟಿಗೆಯ ರಾಶಿ ಇತ್ತು, ಅದರಿಂದ ಒಂದನ್ನು ಎಳೆದು ಮುರಿದು, ಕುಕ್ಕರುಗಾಲಿನಲ್ಲಿ ಕುಳಿತು ಕುಕ್ಕತೊಡಗಿದೆ. ಹೊಲ ಪಾಲಿಗೆ ಮಾಡುವ ಅಣ್ಣ ದೂರದಿಂದಲೇ ನೋಡಿ ನಿಧಾನವಾಗಿ ಬಂದರು. ಗಾಡಿಯ ಸುತ್ತ ಒಂದು ಸುತ್ತು ಹಾಕಿ, ಮುಂದೆ ಬಗ್ಗಿ ಮಡ್‌ಗಾರ್ಡಿನ ಒಳಗೆ ಕೈ ಆಡಿಸಿ, ಹಿಂದೆ ಬಂದು ನನ್ನ ಪಕ್ಕ ನಿಂತು ಹೇಳಿದರು: “ಮುಂದಿನ ಅರ್ಧ ಗಾಡಿ ಬರೋಬ್ಬರಿ ಆಗೇತಿ ನೋಡ್ರಿ ಸರ್.”